ಎಲೆಯಪ್ಪನ ಹಸಿರು

ಹಸಿರು ಮಾರ್ಕರಿನ ಮುಚ್ಚಳದ ಮೇಲೆ ‘ಎಲೆ ಹಸಿರು’ ಎಂದು ಅಚ್ಚು ಹಾಕಿಸಿದ ಮಹಾನುಭಾವ ಎಲೆಯಪ್ಪನ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ನೆಟ್ಟಗೆ ಮನೆಗೆ ಹೋಗುತ್ತಿರಲಿಲ್ಲ. “ಈ ಬಣ್ಣದ ಎಲೆ ಯಾವ ಗಿಡದಲ್ಲಿದೆಯೋ ಒಂದೇ ಒಂದು ಕಿತ್ತು ತಂದು ತೋರಿಸಿ, ನಾಳೆಯಿಂದ ನಾನು ಗೇಟು ಕಾಯ್ತೀನಿ” ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಸವಾಲು ಹಾಕುತ್ತಿದ್ದ. ಯಾರೂ ತರುತ್ತಿರಲಿಲ್ಲ. ತರದಿದ್ದರೆ ‘ಸೋಮಾರಿಗಳು’ ಎಂದು ಮೂಗು ಮುರಿಯುತ್ತಿದ್ದ. ಒಬ್ಬಾಕೆ ಮಾತ್ರ ಪಾಪ, ಊಟದ ಬಿಡುವಿನಲ್ಲಿ ಹುಡುಕಿಕೊಂಡು ಹೋಗಿ ಒಂದು ಹಿಡಿ ಎಲೆ ತಂದಳು. ಅವಳಿಗೆ ‘ಪೆದ್ದಿ’ ಎಂದು ಹೆಸರಿಟ್ಟ.

ಅದು ಗ್ರೀಟಿಂಗ್ ಕಾರ್ಡು, ನೋಟ್‌ಬುಕ್ಕಿನ ರಟ್ಟು, ಉಡುಗೊರೆ ಸುತ್ತುವ ಕಾಗದ ಅಚ್ಚು ಹಾಕುವ ಕಂಪನಿ. ಮೂರನೇ ಮಹಡಿಯಲ್ಲಿ ಚಿತ್ರದ ಕೋಣೆ. ಕೆಳಗೆ ಅಚ್ಚಿನ ಯಂತ್ರ ಶುರುವಾದರೆ ಮೇಲೆ ಮೇಜಿನ ಮೇಲಿನ ಮಾರ್ಕರುಗಳು ಸಣ್ಣಗೆ ನಡುಗಿ, ಒಂದೊಂದಾಗಿ ಉರುಳಿ ನೆಲಕ್ಕೆ ಬೀಳುತ್ತಿದ್ದವು. ಹೂ ಬರೆಯುವವರು, ಹಕ್ಕಿ ಬರೆಯುವವರು, ಅಕ್ಷರ ಬರೆಯುವವರು ಎಲ್ಲ ಬೇರೆ ಬೇರೆ. ಆದರೆ ಎಲೆಯನ್ನು ಯಾರೇ ಬರೆದಿರಲಿ, ಅದಕ್ಕೆ ಬಣ್ಣ ತುಂಬುವ ಹಕ್ಕು ಇವನೊಬ್ಬನದು. ಅದಕ್ಕೇ ಎಲೆಯಪ್ಪ ಎಂಬ ಹೆಸರು. ಬೆನ್ನ ಹಿಂದೆ ಇಟ್ಟ ಹೆಸರು ವರ್ಷ ಕಳೆದಂತೆ ಮುಖದ ಮುಂದೆಯೂ ನಿಂತಿತು. ಅವನೂ ಬೇಡ ಅನ್ನಲಿಲ್ಲ.

ಅವನಿಗೆ ಕೆಲಸ ಬರುತ್ತಿತ್ತು ಅನ್ನುವುದರಲ್ಲಿ ಎರಡು ಮಾತಿಲ್ಲ. ಯಾವ ಚಿತ್ರ ಬಂದರೂ ಮೊದಲು ಕೆಳಗಿಳಿದು ಕಾಂಪೌಂಡಿನ ಪೊದೆಯಿಂದ ಎಲೆ ಕಿತ್ತು ತಂದು ಕಿಟಕಿಯ ಪಕ್ಕ ಬಿಳಿ ಕಾಗದದ ಮೇಲೆ ಇಡುತ್ತಿದ್ದ. ಅದರ ಪಕ್ಕದಲ್ಲಿ ಒಂದೊಂದೇ ಮಾರ್ಕರ್ ಎಳೆದು ನೋಡುವುದು. ಮೊದಲು ನಿಂಬೆಕಾಯಿಯಂಥ ತೆಳು ಹಳದಿ ಹಸಿರು. ಅದು ಆರುವ ಮೊದಲೇ ಅದರ ಮೇಲೆ ಪಾಚಿ ಹಸಿರು, ನರಗಳನ್ನು ಬಿಟ್ಟು. ನೆರಳಿಗೆ ಕಪ್ಪು ಮುಟ್ಟುತ್ತಿರಲಿಲ್ಲ. “ನೆರಳಿಗೆ ಕಪ್ಪು ಬಳಿಯೋನು ರಸ್ತೆಗೆ ಟಾರು ಹಾಕೋಕೆ ಹೋಗಲಿ” ಎನ್ನುತ್ತಿದ್ದ. ಅಲ್ಲಿ ಅಡಿಯಲ್ಲಿ ಒಂದಿಷ್ಟು ಕೆಂಗಂದು ಎಳೆದು ಮೇಲೆ ಹಸಿರು ಕೂರಿಸಿದರೆ ಎಲೆ ತಾನಾಗಿ ಒಳಕ್ಕೆ ಬಾಗುತ್ತಿತ್ತು. ಬೆಳಕು ಹಿಂದಿನಿಂದ ಬಂದರೆ ಒಂದು ಹಸಿರು, ಮೇಲಿನಿಂದ ಬಿದ್ದರೆ ಇನ್ನೊಂದು. ಚಿಗುರು ಎಂದೂ ಹಸಿರಲ್ಲ, ತಾಮ್ರ. ಹುಳ ತಿಂದ ಅಂಚು ಕಂದು. ಇಷ್ಟು ಗೊತ್ತಿದ್ದವನು ಸುಮ್ಮನೆ ಕೆಲಸ ಮಾಡಿಕೊಂಡಿದ್ದರೆ ಕಥೆಯೇ ಇರುತ್ತಿರಲಿಲ್ಲ. ಗೊತ್ತಿಲ್ಲದವರನ್ನು ಬದುಕಲು ಬಿಡಬಾರದು ಎಂಬುದು ಅವನ ವ್ರತವಾಗಿತ್ತು. “ಇದು ಎಲೆನಾ, ಶಾಲೆ ಬೆಂಚಾ?” “ಈ ಎಲೆ ತಿಂದರೆ ಹುಳಕ್ಕೆ ವಾಂತಿಯಾಗುತ್ತೆ.” “ನಿಮ್ಮ ಮನೇಲಿ ಗಿಡ ಇಲ್ವಾ, ಅಥವಾ ಕಿಟಕಿನೇ ಇಲ್ವಾ?” ಇಂಥವು ದಿನಕ್ಕೆ ಹತ್ತಾರು ಉದುರುತ್ತಿದ್ದವು.

ಮನೆಯಲ್ಲಿ ಅವನಿಗೆ ಒಬ್ಬಳೇ ದಿಕ್ಕು, ಅಕ್ಕ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಹೊತ್ತು ತಮ್ಮನ ಮನೆಗೆ ಬಂದವಳು, ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದಳು. ಬಾಯಿ ವಿಷಯದಲ್ಲಿ ಇಬ್ಬರೂ ಒಂದೇ ಬಟ್ಟೆಯ ತುಂಡುಗಳು. ತಮ್ಮನಿಗೆ ಮದುವೆ ಮಾಡಿಸಬೇಕೆಂದು ಅವಳು ಒಂದು ಕಾಲದಲ್ಲಿ ಓಡಾಡಿದ್ದಳು. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿ ತಾನೇ ಕಸೂತಿ ಹಾಕಿದ ಮೇಜುಬಟ್ಟೆ ಹಾಸಿದ್ದಳು. ಇವನು ಮುಖ ನೋಡುವ ಬದಲು ಬಟ್ಟೆ ನೋಡಿ, “ಹೂವೇನೋ ಸರಿ, ಎಲೆ ಮಾತ್ರ ಬೆಂದ ಸೊಪ್ಪಿನ ಹಾಗಿದೆ” ಎಂದ. ಸಂಬಂಧ ಅಲ್ಲಿಗೇ ಮುರಿಯಿತು. “ನಿನಗೆ ಹೆಂಡತಿ ಬೇಡ, ಗಿಡ ತಂದು ಕಟ್ಟಿಕೋ” ಎಂದು ಅಕ್ಕ ಕೈ ತೊಳೆದುಕೊಂಡಳು.

ಕಂಪನಿಯಲ್ಲಿ ಅವನ ತಿರಸ್ಕಾರದ ಸಿಂಹಪಾಲು ಸಲ್ಲುತ್ತಿದ್ದದ್ದು ಎದುರು ಮೇಜಿನ ಹೂವಿನ ಮೇಡಂಗೆ. ಹೆಂಗಸು ಸಾಧು. ಹೂವನ್ನು ಬೇಗ ಬೇಗ, ಗುಂಡಗುಂಡಗೆ, ಎಲ್ಲರಿಗೂ ಇಷ್ಟವಾಗುವ ಹಾಗೆ ಬರೆಯುತ್ತಿದ್ದಳು. ‘ಎಲ್ಲರಿಗೂ ಇಷ್ಟವಾಗೋದು’ ಎಂಬುದೇ ಎಲೆಯಪ್ಪನಿಗೆ ಬೈಗುಳ. ಒಂದು ದಿನ ಅವಳು ತನ್ನ ಹೂವಿನ ಸುತ್ತ ಇವನು ತುಂಬಿದ ಎಲೆಗಳನ್ನು ತುಸು ಹೊತ್ತು ನೋಡಿ, ಹೆದರುತ್ತಲೇ ಹೇಳಿದಳು.

“ಸರ್, ಈಚೆಗೆ ಎಲೆ ಸ್ವಲ್ಪ ನೀಲಿ ಆಗ್ತಿದೆಯೇನೋ ಅನ್ಸುತ್ತೆ.”

ಎಲೆಯಪ್ಪ ಮಾರ್ಕರಿಗೆ ನಿಧಾನವಾಗಿ ಮುಚ್ಚಳ ಹಾಕಿದ.

“ನೀಲಿ. ನನ್ನ ಎಲೆ ನೀಲಿ. ಯಾರು ಹೇಳ್ತಿರೋದು? ನೇರಳೆ ಗುಲಾಬಿ ಬರೆದೋರು. ನಿಮ್ಮ ಅಜ್ಜಿ ಕಾಲದಿಂದ ನಿಮ್ಮ ಮನೇಲಿ ಯಾರಾದ್ರೂ ಎಲೆ ನೋಡಿದಾರಾ? ಕತ್ತೆಗೆ ಕಸ್ತೂರಿ ವಾಸನೆ ಹಿಡಿಸೋ ಕೆಲಸ ನನಗ್ಯಾಕೆ ಬಂತೋ.”

ಹೂವಿನ ಮೇಡಂ ಕಣ್ಣೊರೆಸಿಕೊಂಡು ಹೊರಗೆ ಹೋದಳು. ಅಂದಿನಿಂದ ಆ ಕೋಣೆಯಲ್ಲಿ ಎಲೆಯ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಇತ್ತ ಯಜಮಾನರು ಮಾತ್ರ ಹೊಸ ರಟ್ಟುಗಳು ಅಂಗಡಿಗಳಲ್ಲಿ ನಿಲ್ಲುತ್ತಲೇ ಇಲ್ಲ ಎಂದು ಮೂರನೇ ಮಹಡಿಯವರೆಗೆ ಹತ್ತಿ ಬಂದು ಬೆನ್ನು ತಟ್ಟಿದರು. “ಏನೋ ಒಂಥರಾ ತಂಪಾಗಿದೆ ಕಣಯ್ಯ, ನೋಡ್ತಾ ಇದ್ರೆ.” ಎಲೆಯಪ್ಪ ತುಟಿ ಕೊಂಕಿಸಿ ಹೂವಿನ ಮೇಡಂ ಕಡೆ ನೋಡಿದ.

ಹೀಗೇ ಕೆಲವು ವರ್ಷ ನಡೆಯಿತು. ಎಡವಟ್ಟಾದದ್ದು ದಾರದಿಂದ.

ಅಕ್ಕನ ಅಂಗಡಿಗೆ ಒಬ್ಬರು ದಪ್ಪ ಹಸಿರು ಕೋಟು ತಂದುಕೊಟ್ಟಿದ್ದರು, ಅಂಚು ಬಿಚ್ಚಿ ಮೋಟು ಮಾಡಲು. ಮೋಡದ ದಿನ, ಕರೆಂಟೂ ಇರಲಿಲ್ಲ. ಅಕ್ಕನಿಗೆ ಕೈತುಂಬ ಕೆಲಸ. “ಬಣ್ಣದ ಪಂಡಿತ ಮನೇಲಿರುವಾಗ ನಾನ್ಯಾಕೆ ಕಣ್ಣು ನೋಯಿಸ್ಕೊಳ್ಳಲಿ, ಇದಕ್ಕೊಂದು ಸರಿಯಾದ ದಾರ ತೆಗೆದುಕೊಡು” ಎಂದಳು. ಎಲೆಯಪ್ಪ ಡಬ್ಬಿಯಿಂದ ನಾಲ್ಕಾರು ರೀಲು ತೆಗೆದು, ಕೋಟಿನ ಮೇಲಿಟ್ಟು, ಒಂದನ್ನು ಆರಿಸಿ, “ಇದಕ್ಕಿಂತ ಹತ್ತಿರದ್ದು ದೇವರು ಬಂದ್ರೂ ಕೊಡಲಾರ” ಎಂದು ಕೊಟ್ಟ. ಅವಳು ನೋಡದೆ ಹೊಲಿದಳು.

ಮರುದಿನ ಬಿಸಿಲಿನಲ್ಲಿ ಕೋಟಿನವರು ಅದನ್ನು ವಾಪಸು ತಂದು ಕೌಂಟರಿನ ಮೇಲೆ ಹರಡಿದರು. ಹಸಿರು ಕೋಟಿನ ಅಂಚಿಗೆ ಉದ್ದಕ್ಕೂ ನೀಲಿ ಹೊಲಿಗೆ. ಸ್ಲೇಟಿನ ಮೇಲೆ ಮಗು ಗೀಚಿದ ಹಾಗಿತ್ತು. ಅಕ್ಕ ಕ್ಷಮೆ ಕೇಳಿ, ಅವರನ್ನು ಕಳಿಸಿ, ತಮ್ಮ ಬರುವುದನ್ನೇ ಕಾದಳು.

“ಏನೋ ಇದು?”

“ಏನು? ಹಸಿರು ಕೋಟಿಗೆ ಹಸಿರು ದಾರ.”

“ಇದು ಹಸಿರಾ?”

“ನಿನಗೆ ವಯಸ್ಸಾಯ್ತು ಅಕ್ಕ. ಕಣ್ಣು ತೋರಿಸ್ಕೋ.”

ಇನ್ನೊಂದು ದಿನವಾಗಿದ್ದರೆ ಅವಳು ಅಳತೆಪಟ್ಟಿಯಲ್ಲೇ ಎರಡು ಬಾರಿಸುತ್ತಿದ್ದಳು. ಅಂದು ಬಾರಿಸಲಿಲ್ಲ. ದಾರದ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. “ಹಸಿರೆಲ್ಲ ಆ ಕಡೆ, ನೀಲಿಯೆಲ್ಲ ಈ ಕಡೆ ಇಡು ನೋಡೋಣ.” ಎಲೆಯಪ್ಪ ನಕ್ಕ. ಮಕ್ಕಳಾಟ ಎಂದು ಗೊಣಗುತ್ತ, ಕಣ್ಣು ಕಿರಿದು ಮಾಡಿಕೊಂಡು, ಸರಸರನೆ ವಿಂಗಡಿಸಿ ಎರಡು ಗುಡ್ಡೆ ಮಾಡಿದ. ಅಕ್ಕ ಗುಡ್ಡೆಗಳನ್ನು ನೋಡಿದಳು. ಹಸಿರಿನ ಗುಡ್ಡೆಯಲ್ಲಿ ಸಾಗರದ ನೀಲಿ, ನವಿಲು ನೀಲಿ, ಶಾಲೆಯ ಸಮವಸ್ತ್ರದ ನೀಲಿ, ಎಲ್ಲ ಬೆಚ್ಚಗೆ ಕೂತಿದ್ದವು. ಒಂದೊಂದೇ ರೀಲು ಎತ್ತಿ ಡಬ್ಬಿಗೆ ಹಾಕತೊಡಗಿದಳು.

ಎಲೆಯಪ್ಪನಿಗೆ ಬೈಗುಳ ಗೊತ್ತಿತ್ತು. ಅಕ್ಕನ ಮೌನ ಗೊತ್ತಿರಲಿಲ್ಲ.

“ಏನಾಯ್ತು, ಹೇಳಬಾರದಾ?”

“ನಾಳೆ ಆಸ್ಪತ್ರೆಗೆ ಹೋಗೋಣ. ಈಗ ಊಟ ಮಾಡು.”

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಳ ಕೋಣೆಯ ಪರದೆಯ ಬಣ್ಣ ಸರಿಯಿಲ್ಲ, ಗೋಡೆಯದು ಮೊದಲೇ ಸರಿಯಿಲ್ಲ, ಇವಳಿಗೇನು ಗೊತ್ತಿದ್ದೀತು ಎಂದುಕೊಂಡೇ ಎಲೆಯಪ್ಪ ಯಂತ್ರಕ್ಕೆ ಗದ್ದ ಕೊಟ್ಟ. ಅವಳು ಬೆಳಕು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಚೆನ್ನಾಗಿ ಹಳದಿಗಟ್ಟಿದೆ ಎಂದಳು.

“ಹಳೇ ಗಾಜಿನ ಹಾಗೆ. ಕಾಫಿ ಬಣ್ಣದ ಗಾಜಿನಲ್ಲಿ ನೋಡಿದ ಹಾಗೆ ಕಾಣ್ತಿರುತ್ತೆ ನಿಮಗೆ. ನೀಲಿ ಸರಿಯಾಗಿ ಗೊತ್ತಾಗೋದಿಲ್ಲ. ನಿಧಾನವಾಗಿ ಬರೋದ್ರಿಂದ ತಿಳಿಯೋದೂ ಇಲ್ಲ.”

“ನಾನು ಬಣ್ಣದ ಕೆಲಸದೋನು ಡಾಕ್ಟ್ರೇ. ನನಗೆ ತಿಳಿಯದೆ ಇರುತ್ತಾ?”

“ಅದನ್ನ ನೀವೇ ಹೇಳಬೇಕು” ಎಂದಳು ಅವಳು, ಕಾಗದದಿಂದ ತಲೆಯೆತ್ತದೆ. “ಒಂದು ಕಣ್ಣು ಮೊದಲು ಮಾಡೋಣ. ಇನ್ನೊಂದು ಆಮೇಲೆ.”

ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಎಲೆಯಪ್ಪ ಮೊದಲು ನೋಡಿದ್ದು ತನ್ನ ಅಂಗಿಯ ತೋಳನ್ನು. ಅದು ಬಿಳಿ. ಇಷ್ಟು ದಿನ ಬೆಣ್ಣೆ ಬಣ್ಣದ್ದೆಂದು ತಿಳಿದು ಹಾಕಿಕೊಳ್ಳುತ್ತಿದ್ದ ಅಂಗಿ. ಹೊರಗೆ ಬಂದು ಮೆಟ್ಟಿಲ ಬಳಿ ಕುಂಡದ ಗಿಡದ ಮುಂದೆ ನಿಂತ. ಎಡಗಣ್ಣು ಮುಚ್ಚಿ ನೋಡಿದ, ಬಲಗಣ್ಣು ಮುಚ್ಚಿ ನೋಡಿದ. ಒಂದು ಕಣ್ಣಿಗೆ ಎಲೆ, ಇನ್ನೊಂದಕ್ಕೆ ಕಾಫಿ ಚೆಲ್ಲಿದ ಎಲೆ. ಅಲ್ಲೇ ಬಹಳ ಹೊತ್ತು ನಿಂತ. ಅಕ್ಕ ರಿಕ್ಷಾ ಕೂಗಿದರೂ ಕೇಳಿಸಲಿಲ್ಲ. ಜೀವಮಾನದಲ್ಲಿ ಅವನು ಏನನ್ನೂ ಬೈಯದೆ ನೋಡಿದ್ದು ಬಹುಶಃ ಅದೊಂದೇ.

ಕೆಲಸಕ್ಕೆ ಮರಳಿದ ದಿನ ಅವನು ನೇರವಾಗಿ ಮೂರನೇ ಮಹಡಿ ತಲುಪಲಿಲ್ಲ. ಮೆಟ್ಟಿಲ ಗೋಡೆಯುದ್ದಕ್ಕೂ ಕಂಪನಿಯವರು ಹೆಚ್ಚು ಮಾರಾಟವಾದ ರಟ್ಟುಗಳನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಕೆಳಗಿನವು ಹಳೆಯವು. ಅಲ್ಲಿ ಎಲೆ ಎಲೆಯಾಗಿತ್ತು. ಒಂದೊಂದು ಮೆಟ್ಟಿಲು ಹತ್ತಿದಂತೆ ಎಲೆಗಳು ಹಸಿರು ಕಳೆದುಕೊಳ್ಳುತ್ತ ಹೋದವು. ಎರಡನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಸೀಮೆಎಣ್ಣೆ ಸ್ಟವ್ವಿನ ಉರಿಯಂಥ ನೀಲಿ ಎಲೆಗಳು ಗುಲಾಬಿಯ ಸುತ್ತ ಎದ್ದು ನಿಂತಿದ್ದವು. ನರಗಳು ಕರಾರುವಾಕ್ಕು, ನೆರಳು ಕರಾರುವಾಕ್ಕು, ಚಿಗುರು ತಾಮ್ರ. ಬಣ್ಣ ಮಾತ್ರ ಹುಚ್ಚನದು. ಪ್ರತಿಯೊಂದರ ಮೂಲೆಯಲ್ಲೂ ಅವನ ಸಹಿ.

ಎಲೆಯಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಹತ್ತಿ ಬರುತ್ತಿದ್ದ ಹೂವಿನ ಮೇಡಂ ಅವನನ್ನು ನೋಡಿ ನಿಂತಳು.

“ಯಾಕ್ರೀ ಯಾರೂ ಹೇಳಲಿಲ್ಲ?” ಅಂದ.

“ನಾನು ಹೇಳಿದ್ದೆ ಸರ್.”

“ಒಂದು ಸಲ ಹೇಳಿದ್ರೆ ಆಯ್ತಾ?”

“ಆ ಒಂದು ಸಲಕ್ಕೇ ನಮ್ಮ ಅಜ್ಜಿ ತನಕ ಹೋದ್ರಿ. ಎರಡನೇ ಸಲಕ್ಕೆ ಎಲ್ಲಿ ತನಕ ಹೋಗ್ತಿದ್ರೋ.” ಅವಳು ಪಕ್ಕದಲ್ಲಿ ಜಾಗ ಮಾಡಿಕೊಂಡು ಮೇಲೆ ಹತ್ತಿಹೋದಳು.

ಅವನು ಅವಳ ಕ್ಷಮೆ ಕೇಳಿದನೆಂದು ಹೇಳಿದರೆ ಸುಳ್ಳಾದೀತು. ಮೇಜಿಗೆ ಹೋದವನು ತನ್ನ ಹಸಿರುಗಳನ್ನೆಲ್ಲ ಹರಡಿ, ನೀಲಿ ಬೆರೆತವನ್ನು ಬೇರೆ ಮಾಡಿ ಕಸದ ಬುಟ್ಟಿಗೆ ಎಸೆದ. ಮಧ್ಯಾಹ್ನದ ಹೊತ್ತಿಗೆ ಹೊಸ ರಟ್ಟಿಗೆ ಎಲೆ ತುಂಬಿದ್ದ. ಒಂದು ಎಲೆಯ ಮೇಲೆ ಬಿಸಿಲು, ಒಂದರ ಒಳಗೆ ಬಿಸಿಲು, ಒಂದು ಅಂಚು ಸುಟ್ಟದ್ದು. ಮುಟ್ಟಿದರೆ ಬೆರಳಿಗೆ ಧೂಳು ಹತ್ತೀತು ಅನ್ನುವ ಹಾಗಿತ್ತು. ಯಜಮಾನರ ಕೋಣೆಗೆ ತಾನೇ ಒಯ್ದ.

ಯಜಮಾನರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಇದೇನು, ಮಂಕಾಗಿದೆ?”

“ಮಂಕಲ್ಲ ಸರ್. ಎಲೆ ಹೀಗೇ ಇರುತ್ತೆ.”

“ಇರುತ್ತೆ ಕಣಯ್ಯ, ಬೀದಿಲಿ ಇರುತ್ತೆ. ಬೀದಿಲಿ ಪುಕ್ಕಟೆ ಇರೋದನ್ನ ಜನ ಯಾಕೆ ಕೊಳ್ತಾರೆ? ನಿನ್ನ ಆ ತಂಪು ಎಲೆ ಎಲ್ಲಿ? ಅದೇ ಅಲ್ವಾ ನಮ್ಮ ಗುರುತು.”

“ಅದು ಗುರುತಲ್ಲ ಸರ್. ಅದು ಪೊರೆ. ನನಗೆ ಕಣ್ಣು ಕಾಣ್ತಿರಲಿಲ್ಲ.”

ಯಜಮಾನರು ಕುರ್ಚಿಗೆ ಒರಗಿದರು. ಸ್ವಲ್ಪವೂ ಬೇಜಾರಾದಂತೆ ಕಾಣಲಿಲ್ಲ. “ಕಾಣದೆ ಮಾಡಿದ್ದೇ ಇಷ್ಟು ಚೆನ್ನಾಗಿತ್ತು ಅಂದ್ರೆ ಕಂಡು ಮಾಡೋದು ಇನ್ನೂ ಚೆನ್ನಾಗಿರಬೇಕು. ಹಾಗೇ ಮಾಡು.”

ಎಲೆಯಪ್ಪನಿಗೆ ಅಂದು ಲೋಕದ ಮೇಲಿದ್ದ ತಿರಸ್ಕಾರಕ್ಕೆ ಮೊದಲ ಸಲ ಸರಿಯಾದ ಆಧಾರ ಸಿಕ್ಕಿತು. ಅಷ್ಟೂ ವರ್ಷ ಜನಕ್ಕೆ ಎಲೆ ಗೊತ್ತಿಲ್ಲ ಅಂದುಕೊಂಡಿದ್ದ. ಜನಕ್ಕೆ ಎಲೆ ಬೇಕಾಗಿಯೇ ಇರಲಿಲ್ಲ. ಕುರುಡನ ಗೀಚನ್ನು ತಂಪು ಅಂತ ದುಡ್ಡು ಕೊಟ್ಟು ಕೊಂಡು ಮಕ್ಕಳ ಪುಸ್ತಕಕ್ಕೆ ಹೊದಿಸಿದವರು, ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರು! ಇಂಥವರ ಹೊಗಳಿಕೆಗೆ ತಾನು ಎದೆ ಉಬ್ಬಿಸಿದ್ದೆನಲ್ಲ ಎಂದು ನೆನೆದಾಗ ತಿರಸ್ಕಾರದ ಒಂದು ಪಾಲು ಸ್ವಂತಕ್ಕೂ ಬಂತು. ಅದು ಹೊಸ ರುಚಿ.

ಆದರೂ ಹೊಟ್ಟೆಪಾಡು. ಎಸೆದ ಮಾರ್ಕರುಗಳನ್ನು ಬುಟ್ಟಿಯಿಂದ ಹೆಕ್ಕಿದ. ಕಣ್ಣು ಬಿಟ್ಟುಕೊಂಡು ಎಲೆಗೆ ನೀಲಿ ಹಚ್ಚಲು ಹೋದರೆ ಕೈ ಕಾಗದದ ಮೇಲೆ ಗಾಳಿಯಲ್ಲೇ ನಿಲ್ಲುತ್ತಿತ್ತು. ಎರಡು ದಿನ ಒದ್ದಾಡಿದ. ಮೂರನೇ ದಿನ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎಡ ಅಂಗೈಯಿಂದ ಬಲಗಣ್ಣು ಮುಚ್ಚಿದ. ಹಳೆಯ ಕಂದು ಲೋಕ ಮರಳಿ ಬಂತು, ಅದರಲ್ಲಿ ಎಲ್ಲ ಮಾರ್ಕರುಗಳೂ ಸಭ್ಯ ಹಸಿರು. ಕೈ ಸರಾಗವಾಗಿ ಓಡಿತು. ಮುಗಿಸಿ ಅಂಗೈ ತೆಗೆದಾಗ ಕಾಗದದ ಮೇಲೆ ಸ್ಟವ್ವಿನ ಉರಿ ಎದ್ದಿತ್ತು. ಯಜಮಾನರು ಭಲೇ ಎಂದರು. ಹೀಗೆ ಕೆಲವು ವಾರ, ಕಳ್ಳನ ಹಾಗೆ ಒಂದು ಕಣ್ಣು ಮುಚ್ಚಿಕೊಂಡು ಕೆಲಸ ಮಾಡಿದ. ಎದುರು ಮೇಜಿನಿಂದ ಹೂವಿನ ಮೇಡಂ ನೋಡಿದಳು, ನೋಡದ ಹಾಗೆ ಇದ್ದಳು. ಅವಳ ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚಾಗಿ ಅವನನ್ನು ಚುಚ್ಚಿತು.

ಎಡಗಣ್ಣಿನ ಆಪರೇಷನ್ನಿಗೆ ರಜೆ ಕೇಳಲು ಹೋದಾಗ ಯಜಮಾನರು ಬಾಗಿಲು ಮುಚ್ಚಿ, ದನಿ ತಗ್ಗಿಸಿ, ಬಹಳ ಅಕ್ಕರೆಯಿಂದ ಮಾತಾಡಿದರು.

“ನೋಡಯ್ಯ, ತಪ್ಪು ತಿಳೀಬೇಡ. ಒಂದು ಕಣ್ಣು ಸರಿಹೋಯ್ತಲ್ಲ, ಓಡಾಡೋಕೆ ಅಷ್ಟು ಸಾಕು. ಇನ್ನೊಂದು ಹಾಗೇ ಇರಲಿ ಬಿಡು. ಅದು ನಮ್ಮ ಕಂಪನಿಯ ಕಣ್ಣು ಅಂದ್ಕೋ.”

ಎಷ್ಟೋ ಜನರಿಗೆ ಎಷ್ಟೋ ಅಂದಿದ್ದ ಎಲೆಯಪ್ಪ ಬಾಗಿಲು ತೆಗೆದು ಹೊರಗೆ ಬಂದ. ಮೇಜಿನಿಂದ ತನ್ನ ಸ್ವಂತದ ಮಾರ್ಕರುಗಳನ್ನಷ್ಟೇ ಎತ್ತಿಕೊಂಡ. ನೀಲಿಗಳನ್ನು ಹೂವಿನ ಮೇಡಂ ಮುಂದೆ ಇಟ್ಟು, “ಅಡಿಯಲ್ಲಿ ಕೆಂಗಂದು ಹಾಕಬೇಡಿ, ಕೆಸರಾಗುತ್ತೆ. ಇದಕ್ಕೆ ನೆರಳು ನೇರಳೆಯಲ್ಲೇ ಬರಬೇಕು” ಎಂದ. ಅವನಿಂದ ಅವಳಿಗೆ ಸಿಕ್ಕ ಒಳ್ಳೆಯ ಮಾತು ಅಷ್ಟೇ. ಅವಳು ತಲೆಯಾಡಿಸಿದಳು. ಆಮೇಲೆ ಕಂಪನಿಯ ತಂಪು ಎಲೆಗಳನ್ನೆಲ್ಲ ಅವಳೇ ಬರೆದಳು, ಕೆಟ್ಟದಾಗೇನೂ ಬರೆಯಲಿಲ್ಲ.

“ಬಿಟ್ಟು ಬಂದೆ” ಎಂದಾಗ ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಜಗಳ ಆಡಿದೆಯಾ?”

“ಇಲ್ಲ.”

“ಹಾಗಾದ್ರೆ ನಿಜವಾಗಲೂ ಬಿಟ್ಟಿದ್ದೀಯ” ಎಂದು ಅವಳು ಗಂಟು ಹಾಕಿದಳು.

ಎಡಗಣ್ಣಿಗೆ ಆಸ್ಪತ್ರೆಗೆ ಹೋದ ದಿನ ಸರದಿ ಕಾಯುವ ಕೋಣೆಯ ಮೂಲೆಯಲ್ಲಿ ಆಳೆತ್ತರದ ಒಂದು ಪ್ಲಾಸ್ಟಿಕ್ ಗಿಡ ಹೊಸದಾಗಿ ಬಂದು ನಿಂತಿತ್ತು. ಎಲೆಯಪ್ಪನ ಹೊಸ ಕಣ್ಣಿಗೆ ಅದು ಕಸದ ಹಾಗೆ ಬಿತ್ತು. “ನೋಡಿಲ್ಲಿ ಅಕ್ಕ, ಬುಡದಿಂದ ತುದಿವರೆಗೆ ಒಂದೇ ಹಸಿರು. ಎಲೆಯ ಹಿಂದೂ ಅದೇ, ಮುಂದೂ ಅದೇ. ಬಕೆಟ್ ಮಾಡೋ ಅಚ್ಚಿಗೇ ಹುಯ್ದಿದ್ದಾರೆ. ಕಣ್ಣು ರಿಪೇರಿ ಮಾಡಿಸ್ಕೊಂಡೋರು ಮೊದಲು ಇದನ್ನ ನೋಡಬೇಕಾ? ಪಾಪ, ಮತ್ತೆ ಪೊರೆ ಕಟ್ಕೊಳ್ಳುತ್ತೆ.”

ಪಕ್ಕದಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ದಪ್ಪ ಹೆಂಗಸು ಇತ್ತ ತಿರುಗಿದಳು.

“ಅದು ನಮ್ಮ ಫ್ಯಾಕ್ಟರಿದು.”

“ಹಾಗಾದ್ರೆ ನಿಮ್ಮ ಕಣ್ಣಿಗೂ ಪೊರೆ ಇದೆ.”

“ಇದೆ. ಅದಕ್ಕೇ ಬಂದಿರೋದು” ಎಂದಳು ಆಕೆ, ಸ್ವಲ್ಪವೂ ಅಲುಗದೆ. “ನೀವು ಏನು ಮಾಡ್ತೀರಿ?”

ಅಕ್ಕ ತಮ್ಮನ ಪರವಾಗಿ ಉತ್ತರಿಸಿದಳು. “ಎಲೆ ಬೈತಾನೆ. ಅದು ಬಿಟ್ರೆ ಬೇರೇನೂ ಬರೋದಿಲ್ಲ.”

ಆಪರೇಷನ್ ಮುಗಿದು ಕಣ್ಣು ತಿಳಿಯಾದ ಮೇಲೆ ಎಲೆಯಪ್ಪ ಆ ಫ್ಯಾಕ್ಟರಿಗೆ ಹೋದ. ಬೈಯಲೆಂದೇ ಹೋದೆ ಎಂದು ಇವತ್ತಿಗೂ ಹೇಳುತ್ತಾನೆ. ಕರಗಿದ ಪ್ಲಾಸ್ಟಿಕ್ಕಿನ ವಾಸನೆ, ಕೈಗವಸಿನ ಹೆಂಗಸರ ಸಾಲು, ಒಂದೇ ಬಣ್ಣದ ಎಲೆಗಳ ರಾಶಿ. ಆಸ್ಪತ್ರೆಯಲ್ಲಿ ಸಿಕ್ಕಿದ್ದ ಆ ಒಡತಿ ಅವನ ಮುಂದೆ ಒಂದು ಬರಿಯ ಬಿಳಿ ಎಲೆ ಇಟ್ಟಳು. ಬಣ್ಣ ಹುಯ್ಯದ ಅಚ್ಚು. “ಬೈದದ್ದು ಸಾಕು. ಹೇಗಿರಬೇಕು ಅಂತ ಬರೆದು ತೋರಿಸಿ.” ಎಲೆಯಪ್ಪ ಜೇಬಿನಿಂದ ಮಾರ್ಕರ್ ತೆಗೆದ. ಬಿಳಿ ಪ್ಲಾಸ್ಟಿಕ್ ಬಣ್ಣವನ್ನು ಕಾಗದದ ಹಾಗೆ ಕುಡಿಯುವುದಿಲ್ಲ, ಜಾರುತ್ತದೆ. ಅದಕ್ಕೂ ಒಂದಿಷ್ಟು ಬೈದು, ಕಾಗದ ಕೇಳಿದ. ಹಿಂಬದಿ ಬೂದಿ ಬೆರೆತ ತೆಳು ಹಸಿರು. ತೊಟ್ಟಿನ ಬಳಿ ಕೆಂಪು. ಹಳೆಯ ಎಲೆಗೆ ಒಂದು ಕಡೆ ಮಾತ್ರ ಹಳದಿ. ಸಂಜೆವರೆಗೆ ಬರೆದ. ಬಣ್ಣ ಕಲಸುವವರು ಅವನ ಕಾಗದ ನೋಡಿಕೊಂಡು ಕಲಸಿದರು, ಸರಿಬರಲಿಲ್ಲ, ಬೈಸಿಕೊಂಡು ಮತ್ತೆ ಕಲಸಿದರು.

ಈಗ ಅವನ ಕೆಲಸ ಅದೇ. ಪ್ಲಾಸ್ಟಿಕ್ ಎಂದರೆ ಅವನಿಗೆ ಹೇಸಿಗೆ. ಅದನ್ನು ಒಡತಿಯ ಮುಂದೆಯೇ ದಿನವೂ ಹೇಳುತ್ತಾನೆ. ಗಿಡಕ್ಕೆ ನೀರು ಹಾಕಲಾರದ ಸೋಮಾರಿಗಳು ಇದನ್ನು ಕೊಳ್ಳುವವರು ಎನ್ನುತ್ತಾನೆ. ಆದರೆ ಎಲೆ ಎಲೆಯ ಹಾಗೇ ಕಾಣಬೇಕೆಂದು ದುಡ್ಡು ಕೊಡುವವರು ಅವನಿಗೆ ಸಿಕ್ಕಿದ್ದು ಅಲ್ಲಿ ಮಾತ್ರ.

ಮೊನ್ನೆ ಅಕ್ಕನ ಕನ್ನಡಕಕ್ಕೆಂದು ಇಬ್ಬರೂ ಮತ್ತೆ ಅದೇ ಆಸ್ಪತ್ರೆಗೆ ಹೋಗಿದ್ದರು. ಮೂಲೆಯ ಹಳೆಯ ಗಿಡ ಹೋಗಿ ಇವನ ಬಣ್ಣದ್ದು ಬಂದಿತ್ತು. ಒಬ್ಬ ಮುದುಕಪ್ಪ ಅದರ ಎದುರು ನಿಂತು ಆಚೀಚೆ ನೋಡಿ, ಒಂದು ಎಲೆಯನ್ನು ಉಗುರಿನಿಂದ ಚಿವುಟಿದ. ಬೆರಳು ಮೂಸಿ ನೋಡಿ, ಇನ್ನೊಮ್ಮೆ ಚಿವುಟಿದ.

“ಮೂರ್ಖ ಮುಂಡೇದು. ನೋಡಿದ್ರೆ ಗೊತ್ತಾಗಲ್ವಾ ಪ್ಲಾಸ್ಟಿಕ್ ಅಂತ” ಎಂದ ಎಲೆಯಪ್ಪ.

“ಮೆಲ್ಲಗೆ ಮಾತಾಡು” ಎಂದಳು ಅಕ್ಕ. ಅವಳು ತಮ್ಮನ ಮುಖ ನೋಡಿದಳು. ಅವನು ಆ ಮುದುಕಪ್ಪ ಮೂರನೇ ಸಲವೂ ಚಿವುಟುತ್ತಾನೇನೋ ಎಂದು ಕತ್ತು ಚಾಚಿಕೊಂಡು ಕಾಯುತ್ತಿದ್ದ.